ಒಲೆ ಎಣಿಸಿದ ಕಾರಕೂನ

ಬುದ್ಧಿ ಕಡಿಮೆಯಿರುವ ಮನುಷ್ಯ ಕೆಟ್ಟರೆ ತಾನೊಬ್ಬನೇ ಕೆಡುತ್ತಾನೆ, ಹೆಚ್ಚೆಂದರೆ ಹೆಂಡತಿ ಮಕ್ಕಳನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಬುದ್ಧಿ ಬಹಳವಿರುವವನು ಯಾರ ತಂಟೆಗೂ ಹೋಗದೆ ಕಟ್ಟೆಯ ಮೇಲೆ ಕುಳಿತು ನಗುತ್ತಾನೆ. ಊರಿಗೆ ಕೇಡು ಬರುವುದು ನನ್ನಂಥವರಿಂದ. ಬೇಕಾದದ್ದಕ್ಕಿಂತ ಒಂದೇ ಒಂದು ಚಮಚ ಹೆಚ್ಚು ಬುದ್ಧಿ ಬಿದ್ದಿರುತ್ತದೆ ನೋಡಿ, ಅಂಥವರಿಂದ. ನಾನು ದಾಂಡೇಲಿಯಲ್ಲಿ ಕಾರಕೂನ. ಕಾರಕೂನನಾದವನಿಗೆ ಹೇಳಿದ್ದನ್ನು ಬರೆಯುವಷ್ಟು, ಬರೆದದ್ದನ್ನು ಕಟ್ಟಿಡುವಷ್ಟು ಬುದ್ಧಿಯಿದ್ದರೆ ಸಾಕು. ದೇವರೂ ಲೆಕ್ಕ ಹಾಕಿ ಅಷ್ಟೇ ಕೊಡುತ್ತಾನೆ. ನನ್ನ ಸರದಿ ಬಂದಾಗ ಅವನ ಕೈ ಸ್ವಲ್ಪ ನಡುಗಿರಬೇಕು. ಸಾಹೇಬರು ಕೇಳದೆ ಇದ್ದಾಗ ನಾನಾಗಿಯೇ ಒಂದು ಸಲಹೆ ಕೊಟ್ಟೆ. ಅದರಿಂದ ನನ್ನ ಮನೆಗೆ ಆದದ್ದನ್ನು ಯಾರಿಗೂ ಹೇಳಬಾರದೆಂದು ಬಹಳ ದಿನ ಬಾಯಿ ಕಟ್ಟಿಕೊಂಡಿದ್ದೆ. ಈಗ ಊರಿಗೆಲ್ಲ ಗೊತ್ತಾಗಿಬಿಟ್ಟಿದೆ, ಆದ್ದರಿಂದ ನಾನೇ ಹೇಳುವುದು ವಾಸಿ. ನಾನು ಹೇಳಿದರೆ ನನ್ನ ಪಾಲಿನ ತಪ್ಪು ಸ್ವಲ್ಪವಾದರೂ ಚಿಕ್ಕದಾಗಿ ಕಂಡೀತು ಎಂಬ ಆಸೆಯೂ ಇದೆ.

ಆಗ ನಾವು ಚಾಳಿನಲ್ಲಿದ್ದೆವು. ಚಾಳೆಂದರೆ ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲಾಗಿ ಹದಿನೆಂಟು ಸಂಸಾರ. ನಡುವಿನ ಗೋಡೆಗಳು ಬಿದಿರ ತಟ್ಟಿಗೆ ಮಣ್ಣು ಮೆತ್ತಿದವು. ಪಕ್ಕದ ಮನೆಯವನು ಸೀನಿದರೆ ನಾವು 'ಶಿವಶಿವಾ' ಅನ್ನುತ್ತಿದ್ದೆವು. ನಮ್ಮ ಪಾಲಿಗೆ ಬಂದದ್ದು ಹತ್ತು ಹನ್ನೆರಡಡಿಯ ಒಂದು ಖೋಲಿ, ಅದರ ಹಿಂದೆ ಇಬ್ಬರು ಹೆಂಗಸರು ಒಟ್ಟಿಗೆ ತಿರುಗಲಾಗದಂಥ ಒಂದು ಅಡುಗೆಮನೆ. ಅದರೊಳಗೆ ಏಳು ಜನ: ಅವ್ವ, ನಾನು, ನನ್ನ ಹೆಂಡತಿ ನೀಲವ್ವ, ನಮ್ಮ ಎರಡು ಮಕ್ಕಳು, ನನ್ನ ತಮ್ಮ ಬಸಪ್ಪ, ಅವನ ಹೆಂಡತಿ ಶಾಂತವ್ವ. ನಾವು ಸಾಂಬ್ರಾಣಿಯವರು. ಬಸಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸ ಸಿಕ್ಕಿದ ಮೇಲೆ ಹೊಲವನ್ನು ಕೋರಿಗೆ, ಅಂದರೆ ಪಾಲಿಗೆ, ಹಾಕಿ ಎಲ್ಲರೂ ಇಲ್ಲಿಗೆ ಬಂದಿದ್ದೆವು. ಮಲಗಿದಾಗ ಒಬ್ಬರು ಮಗ್ಗಲು ಬದಲಿಸಿದರೆ ಏಳೂ ಜನ ಬದಲಿಸಬೇಕು. ಬಸಪ್ಪನಿಗೆ ಮದುವೆಯಾಗಿ ಮೂರು ವರ್ಷ. ಆ ಮೂರು ವರ್ಷವನ್ನು ಗಂಡ ಹೆಂಡತಿ ಹಳೇ ಸೀರೆಯ ಒಂದು ಪರದೆಯ ಹಿಂದೆ ಕಳೆದರು. ಅತ್ತ ಹೋಗಬೇಕಾದರೆ ನಾನು ಕೆಮ್ಮಿ ಹೋಗುತ್ತಿದ್ದೆ. ಎಷ್ಟು ಕೆಮ್ಮಿದೆನೆಂದರೆ ಅವ್ವ ನನಗೆ ಕ್ಷಯವೆಂದು ಹೆದರಿ ದವಾಖಾನೆಗೆ ಕರೆದುಕೊಂಡು ಹೋಗಿದ್ದಳು.

ನಮ್ಮದೇ ಅಂತಲ್ಲ, ಊರೇ ಹಾಗಿತ್ತು. ಕಾರ್ಖಾನೆಯ ಭೋಂಗಾ ಕೂಗಿದ್ದೇ ತಡ, ಬೆಲ್ಲಕ್ಕೆ ಇರುವೆ ಬಂದಂತೆ ಧಾರವಾಡದಿಂದ, ಬೆಳಗಾವಿಯಿಂದ, ಘಟ್ಟದ ಕೆಳಗಿನಿಂದ ಜನ ಬಂದರು. ಬಂದವರಿಗೆ ಕೆಲಸವಿತ್ತು, ಕೂಲಿಯಿತ್ತು, ತಲೆಯ ಮೇಲೆ ಸೂರು ಮಾತ್ರ ಇರಲಿಲ್ಲ. ಮೂರು ಪಾಳಿಯ ಕೆಲಸವಾದ್ದರಿಂದ ಒಂದು ಹೊರಸಿಗೆ ಮೂರು ಜನ. ಒಬ್ಬ ಎದ್ದರೆ ಇನ್ನೊಬ್ಬ ಮಲಗುತ್ತಿದ್ದ. ನಮ್ಮ ಚಾಳಿನಲ್ಲಿ ಹೊರಸು ತಣ್ಣಗಾದದ್ದನ್ನು ನಾನು ಕಂಡಿಲ್ಲ. ಬಂಗೂರನಗರದಲ್ಲಿ ಕಾರ್ಖಾನೆಯ ಕ್ವಾರ್ಟರ್ಸು ಸಿಕ್ಕವರು ರಸ್ತೆಯಲ್ಲಿ ಹೋದರೆ ನಾವು ನಿಂತು ನೋಡುತ್ತಿದ್ದೆವು. ಅವರು ಪುಣ್ಯವಂತರು, ಅವರ ಮನೆಯಲ್ಲಿ ಕೆಮ್ಮುವ ಅಗತ್ಯವೇ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಊರಿಗೆ ಒಂದು ವಸತಿ ಸಮಿತಿ ಬಂತು. ನಾನು ಅದಕ್ಕೆ ಕಾರಕೂನನಾದೆ. ಹಳಿಯಾಳದ ರಸ್ತೆಯ ಬದಿಗೆ ಒಂದು ಹೊಸ ಬಡಾವಣೆ ಎಂದು ಗೊತ್ತಾಯಿತು. ಅದರ ನಕ್ಷೆ ಮಾಡಲು ಮೈಸೂರಿನ ಕಡೆಯ ಒಬ್ಬ ಸಾಹೇಬರು ಬಂದರು. ಕಂಕುಳಲ್ಲಿ ಯಾವಾಗಲೂ ನೀಲಿ ಕಾಗದದ ಸುರುಳಿ. ಒಳ್ಳೆಯ ಮನುಷ್ಯ. ಅವರಿಗೆ ನ್ಯಾಯದ ಹುಚ್ಚಿತ್ತು. ಎಕರೆಗೆ ಎಷ್ಟು ಮನೆ ಹಿಡಿಸಬಹುದು, ಎಷ್ಟು ಜನ ಉಸಿರಾಡಬಹುದು ಎಂದು ಊಟ ಬಿಟ್ಟು ಲೆಕ್ಕ ಹಾಕುತ್ತಿದ್ದರು. ದೊಡ್ಡ ಕಂಪೌಂಡಿನ ಬಂಗಲೆಗಳನ್ನು ಹೊಡೆದುಹಾಕಿ ಸಾಲುಮನೆ ಬರೆದರು. ಅದರಲ್ಲಿ ನಾಲ್ಕಕ್ಕೆ ಒಂದು ಮನೆ ಕಡಿಮೆ ಸಂಬಳದವರಿಗೇ ಹೋಗಬೇಕು, ಅದೂ ಬಡಾವಣೆಯ ಮೂಲೆಯಲ್ಲಲ್ಲ, ಎಲ್ಲರ ನಡುವೆ ಎಂದು ಹಟ ಹಿಡಿದರು. ಸಮಿತಿಯ ಹಿರಿಯ ವ್ಯಾಪಾರಿಯೊಬ್ಬರು, "ಸಾಹೇಬ್ರ, ಬಡವರ ಮನಿ ಹೊಳಿ ದಂಡಿಗೆ ಹಾಕ್ರಿ. ಇಲ್ಲೆ ಹಾಕಿದ್ರ ಅವರ ಒಲಿ ಹೊಗಿ ನಮ್ಮ ಅಂಗಳಕ್ಕ ಬರ್ತೈತಿ" ಎಂದರು. ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, "ನಿಮ್ಮನೆ ಹೊಗೆ ಬೇರೆ ಬಣ್ಣಕ್ಕೆ ಇದೆಯೇನ್ರೀ?" ಎಂದು ಕೇಳಿದರು. ಅಂದಿನಿಂದ ನಾನು ಅವರ ಭಕ್ತನಾದೆ. ಮೂರು ಖೋಲಿ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಬದನೆಗಿಡ ಹಚ್ಚುವಷ್ಟು ಹಿತ್ತಲು. ಅದು ಬಡವರ ಮನೆಯ ನಕ್ಷೆ. ಅದನ್ನು ನೋಡಿ ನೋಡಿ ನನ್ನ ಕಣ್ಣು ತಂಪಾಗುತ್ತಿತ್ತು.

ಆದರೆ ಎಷ್ಟು ಮನೆ ಬೇಕು? ಅದಕ್ಕೆ ಊರಲ್ಲಿ ಎಷ್ಟು ಸಂಸಾರವಿದೆ ಎಂದು ತಿಳಿಯಬೇಕು. ಸಾಹೇಬರೂ ನಾನೂ ತಲೆ ಎಣಿಸಲು ಹೊರಟೆವು. ಮೊದಲನೆಯ ಮನೆಯಲ್ಲೇ ಸೋತೆವು. ಮಕ್ಕಳೆಷ್ಟು ಎಂದರೆ ಆ ತಾಯಿ, "ದೇವರು ಕೊಟ್ಟಷ್ಟು ಅದಾವ್ರಿ" ಎಂದಳು. ನಮ್ಮ ಕಡೆ ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದೆ. ಎರಡನೆಯ ಮನೆಯಲ್ಲಿ ಮಲಗಿದವನನ್ನು ಎಬ್ಬಿಸಿ ಕೇಳಿದರೆ ಅವನು ಆ ಮನೆಯವನೇ ಅಲ್ಲ, ಹೊರಸಿನ ಗಿರಾಕಿ. ಜೋಯಿಡಾ ಕಡೆಯ ಒಬ್ಬ ಕೊಂಕಣಿ ಮನುಷ್ಯ ಮೂರು ಮನೆಗಳಲ್ಲಿ ಸಿಕ್ಕ. ಮೂರೂ ಕಡೆ ನಗುತ್ತಲೇ ಹೆಸರು ಬರೆಸಿದ. ಸಾಹೇಬರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಗ ನನ್ನ ಆ ಹೆಚ್ಚಿನ ಚಮಚ ಕೆಲಸ ಮಾಡಿತು. "ಸಾಹೇಬ್ರ, ನಮ್ಮ ಕಡೆ ತಲಿ ಎಣಸಿದ್ರ ಲೆಕ್ಕ ಹತ್ತೂದಿಲ್ಲರಿ. ಒಲಿ ಎಣಸ್ರಿ. ಒಂದು ಒಲಿ ಅಂದ್ರ ಒಂದು ಮನಿ" ಎಂದೆ. ನಿಜವೇ ಅಲ್ಲವೆ? ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ಆಸ್ತಿ ಪಾಲಾಯಿತು ಎನ್ನುವುದಿಲ್ಲ, 'ಒಲಿ ಬ್ಯಾರೆ ಆತು' ಎನ್ನುತ್ತಾರೆ. ಹೊಲ ಒಟ್ಟಿಗೆ ಇರಬಹುದು, ಎತ್ತು ಒಟ್ಟಿಗೆ ಇರಬಹುದು. ಒಲೆ ಎರಡಾದರೆ ಮುಗಿಯಿತು, ಮನೆ ಎರಡು. ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. "ಭೇಷ್ ಈರಪ್ಪ! ಒಲೆಗೊಂದು ಮನೆ. ಎಷ್ಟು ಸರಳ ನೋಡಿ!" ಎಂದರು. ಆ ಕೈಯನ್ನು ಅಂದೇ ಕಡಿದುಹಾಕಬೇಕಾಗಿತ್ತು.

ಸಂಜೆ ಮನೆಗೆ ಬಂದು ನೀಲವ್ವನಿಗೆ ಹೇಳಿದೆ. ಗುಟ್ಟಾಗಿ ಹೇಳಬೇಕೆಂದೇ ಇದ್ದೆ. ಆದರೆ ಸಾಹೇಬರು ಕೈ ಕುಲುಕಿದ ಮೇಲೆ ದನಿ ತಾನಾಗಿಯೇ ಏರಿತ್ತು, ಗೋಡೆಯೋ ಬಿದಿರ ತಟ್ಟಿ. ಬೆಳಗಾಗುವುದರೊಳಗೆ ಹದಿನೆಂಟು ಮನೆಗೂ ಗೊತ್ತು, ಎರಡು ದಿನದಲ್ಲಿ ಊರಿಗೇ ಗೊತ್ತು. ಒಲೆಗೆ ಹುತ್ತದ ಮಣ್ಣು ಒಳ್ಳೆಯದು, ಬಿರಿಯುವುದಿಲ್ಲ. ಜನ ಬುಟ್ಟಿ ಹೊತ್ತುಕೊಂಡು ಅಡವಿಗೆ ನುಗ್ಗಿದರು. ಪಂಚಮಿಯ ದಿನ ಹಾಲೆರೆದ ಹುತ್ತವನ್ನೂ ಬಿಡಲಿಲ್ಲ. ಹಾವುಗಳು ಬಿಡಾರ ಬಿಟ್ಟು ರಸ್ತೆಗೆ ಬಂದವು. ನಮ್ಮ ವಸತಿ ಯೋಜನೆಯಿಂದ ಮೊಟ್ಟಮೊದಲು ಮನೆ ಕಳೆದುಕೊಂಡವು ಅವೇ.

ಎಣಿಕೆಗೆ ಹೋದರೆ ಎಲ್ಲಿ ನೋಡಿದರೂ ಒಲೆ. ಬಾಗಿಲ ಹಿಂದೆ ಒಲೆ, ಹೊರಸಿನ ಕೆಳಗೆ ಒಲೆ, ಬಚ್ಚಲ ಕಲ್ಲಿನ ಮೇಲೆ ಒಲೆ. ಬೆಳಗಾವಿ ಕಡೆಯ ಎಂಟು ಜನ ಬ್ರಹ್ಮಚಾರಿಗಳ ಖೋಲಿಯಲ್ಲಿ ಎಂಟು ಒಲೆ ಸಾಲಾಗಿ ಕುಳಿತಿದ್ದವು, ಪಾತ್ರೆ ಮಾತ್ರ ಒಂದು. "ಪಾತ್ರೆ ಒಂದೇ ಯಾಕಪ್ಪಾ?" ಎಂದು ಸಾಹೇಬರು ಕೇಳಿದರೆ, "ಪಾಳಿ ಮ್ಯಾಲ ಇಡ್ತೇವ್ರಿ" ಎಂದರು. ನಮ್ಮ ಪಕ್ಕದ ಮನೆಯ ಪರಶರಾಮ ಖಾನಾಪುರದವನು. ಗಂಡ ಹೆಂಡತಿ ಇಬ್ಬರೇ ಇದ್ದು ಎರಡು ಒಲೆ ಹೂಡಿದ್ದ. "ನಮಗ ಜಗಳ ಆಗೇತ್ರಿ ಸಾಹೇಬ್ರ, ಬ್ಯಾರೆಬ್ಯಾರೆ ಉಣ್ತೇವಿ" ಎಂದ. ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಜಗಳ ಯಾವಾಗಿನಿಂದ?" ಎಂದರು ಸಾಹೇಬರು. "ನೀವು ಬರೂದು ಗೊತ್ತಾದಾಗಿಂದ್ರಿ" ಎಂದು ಪರಶರಾಮ ನಿಜವನ್ನೇ ಹೇಳಿ, "ಘರೋಘರೀ ಮಾತೀಚ್ಯಾ ಚುಲೀ ಅಂತಾರ್ರಿ ನಮ್ಮ ಮರಾಠ್ಯಾಗ. ಮನಿಮನಿಗೂ ಮಣ್ಣಿನ ಒಲಿ ಇರೂದರಿ" ಎಂದು ಸಮಾಧಾನವನ್ನೂ ಹೇಳಿದ. ಸಾಹೇಬರು ಎರಡು ಎಂದು ಬರೆದುಕೊಂಡರು. ಅವರ ಮುಖ ನೋಡಲಾಗದೆ ನನಗೆ ಮತ್ತೊಂದು ಬುದ್ಧಿ ಹೊಳೆಯಿತು.

ಬೂದಿ ಮುಟ್ಟಿ ನೋಡುವುದು. ಹೇಳದೆ ಕೇಳದೆ ಮೂರು ತಿಂಗಳಲ್ಲಿ ಮೂರು ಸಲ ಹೋಗಬೇಕು. ಮೂರೂ ಸಲ ಬೂದಿ ಬೆಚ್ಚಗಿದ್ದರೆ ಆ ಒಲೆ ನಿಜ, ಒಂದು ಸಲ ತಣ್ಣಗಿದ್ದರೂ ಹೆಸರು ಹೊಡೆದುಹಾಕುವುದು. ಸುಳ್ಳು ಒಲೆಗಳೆಲ್ಲ ಒಂದೇ ವಾರದಲ್ಲಿ ಬಿದ್ದುಹೋಗುತ್ತವೆ ಎಂದು ನನ್ನ ಲೆಕ್ಕ. ಜನರ ಹಟದ ಮೇಲೆ ನನಗೆ ಭರವಸೆ ಕಡಿಮೆಯಿತ್ತು. ಒಂದು ಒಲೆಯೂ ಬೀಳಲಿಲ್ಲ. ಸಾಹೇಬರು ಯಾವ ಹೊತ್ತಿಗೆ ಬಂದಾರೋ ಎಂದು ಜನ ದಿನಾ ಎರಡು ಹೊತ್ತು ಎರಡೂ ಒಲೆ ಹಚ್ಚತೊಡಗಿದರು. ಹಚ್ಚಿದ ಒಲೆಯ ಮೇಲೆ ಏನಾದರೂ ಇಡಬೇಕಲ್ಲ, ಬೇಯಿಸತೊಡಗಿದರು. ಬೇಯಿಸಿದ್ದನ್ನು ಉಣ್ಣಬೇಕಲ್ಲ, ಬೇರೆಬೇರೆ ಕುಳಿತು ಉಣ್ಣತೊಡಗಿದರು. ನನಗೆ ಸಿಕ್ಕದ್ದು 'ಬೂದಿ ಕಾರಕೂನ' ಎಂಬ ಹೆಸರು, ಬೊಬ್ಬೆ ಎದ್ದ ಬೆರಳು. ಪರಶರಾಮನ ಸುಳ್ಳು ಜಗಳ ಎರಡನೆಯ ತಿಂಗಳಿಗೆ ನಿಜವಾಯಿತು. ಹೆಂಡತಿಯ ಒಲೆಯ ಪಲ್ಯದಲ್ಲಿ ಕೈ ಹಾಕಿದನೆಂದು ಅವಳು ಸೌಟು ತಗೊಂಡು ಬೆರಳ ಮೇಲೆ ಹೊಡೆದದ್ದು ತಟ್ಟಿಯಾಚೆ ನಮಗೆ ಸ್ಪಷ್ಟವಾಗಿ ಕೇಳಿಸಿತು.

ಇನ್ನು ನನ್ನ ಮನೆಯ ಮಾತು. ಸಮಿತಿಯ ನೌಕರರಿಗೆ ಮನೆ ಇಲ್ಲ ಎಂದು ಸಾಹೇಬರು ಮೊದಲೇ ಕಟ್ಟು ಹಾಕಿದ್ದರು. ನನ್ನ ಒಲೆಗೆ ಏನೂ ಸಿಗುವಂತಿರಲಿಲ್ಲ. ಆದರೆ ಬಸಪ್ಪನ ಒಲೆ ಬೇರೆ ಇದ್ದರೆ ಅವನ ಸಂಬಳಕ್ಕೆ ಮನೆ ಬಂದೇ ಬರುತ್ತದೆ. ನಿಯಮ ಮಾಡಿದವನೇ ನಿಯಮಕ್ಕೆ ತೂತು ಹುಡುಕುವುದು ತಪ್ಪೆಂದು ನನಗೂ ಗೊತ್ತಿತ್ತು. ಆದರೆ ಮೂರು ಖೋಲಿಯ ನಕ್ಷೆಯನ್ನು ದಿನಾ ನೋಡುತ್ತಿದ್ದವನು ನಾನು. ಅವ್ವನಿಗೆ ಹೇಳಿದೆ, "ಅವ್ವಾ, ಇದು ಬರೇ ತೋರಸ್ಲಿಕ್ಕ. ಮನಿ ಬಂತಂದ್ರ ಏಳೂ ಮಂದಿ ಕೂಡೇ ಹೋಗೂಣು. ಅಲ್ಲೆ ಮತ್ತ ಒಂದ ಒಲಿ ಮಾಡೂಣು." ಅವ್ವ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು. ಆಮೇಲೆ, "ತೋರಸ್ಲಿಕ್ಕಂದ್ರ ಬೆಂಕಿ ಯಾಕ ಬೇಕೋ ಈರ್ಯಾ? ಬೆಂಕಿಗೆ ಗೊತ್ತಾಗತೈತೇನು ಇದು ಸುಳ್ಳು ಅಂತ?" ಎಂದಳು. ನಾನು ನಕ್ಕೆ. ಓದು ಬರಹ ಬಾರದವರ ಮಾತಿಗೆ ಓದಿದವರು ನಗುವ ರೀತಿಯಲ್ಲೇ ನಕ್ಕೆ. ಶಾಂತವ್ವ ಪರದೆಯ ಆಚೆ ಒಲೆ ಹೂಡಿ, ಅರಿಷಿಣ ಕುಂಕುಮ ಹಚ್ಚಿ, ಹಾಲು ಉಕ್ಕಿಸಿದಳು.

ಇಲ್ಲಿ ಊಟದ ವಿಷಯ ಸ್ವಲ್ಪ ಹೇಳಬೇಕು. ನಾವು ಸಾಂಬ್ರಾಣಿಯವರು ಅನ್ನ ಉಣ್ಣುವವರು. ನೀಲವ್ವ ನವಲಗುಂದದ ಎರೆಭೂಮಿಯವಳು, ಜೋಳದ ರೊಟ್ಟಿಯಲ್ಲಿ ಅವಳ ಕೈ ಹಿಡಿಯುವವರಿಲ್ಲ. ಹಿರಿಯ ಸೊಸೆಯಾಗಿ ಬಂದವಳು ಒಲೆ ಹಿಡಿದಳು, ಮನೆಯೆಲ್ಲ ರೊಟ್ಟಿಯಾಯಿತು. ನಾನು ಅವಳ ಕೈ ಹಿಡಿದ ಮೇಲೆ ರೊಟ್ಟಿ ಹಿಡಿಯುವುದೇನು ದೊಡ್ಡದು? ಉಳಿದವರೂ ಹಾಗೆಯೇ ಎಂದುಕೊಂಡಿದ್ದೆ. ಯಾರೂ ಏನೂ ಅಂದಿರಲಿಲ್ಲ. ಶಾಂತವ್ವ ಮುಂಡಗೋಡ ಕಡೆಯ ಚಿಗಳ್ಳಿಯವಳು, ಅವಳೂ ಅನ್ನದ ಸೀಮೆಯವಳೇ. ಮೂರು ವರ್ಷ ನೆಗೆಣ್ಣಿ ಬಡಿದುಕೊಟ್ಟ ರೊಟ್ಟಿ ಮುರಿದುಕೊಂಡು ತಲೆ ತಗ್ಗಿಸಿ ಉಂಡವಳು, ಈಗ ತನ್ನ ಒಲೆಯ ಮೇಲೆ ಕೆಂಪಕ್ಕಿಯ ಅನ್ನ, ಹುರುಳಿಕಟ್ಟಿನ ಸಾರು ಮಾಡಿದಳು. ಬಸಪ್ಪ ಪಾಳಿ ಮುಗಿಸಿ ಬಂದು ಉಣ್ಣಲು ಕುಳಿತವನು ಮೂರು ಸಲ ಹಾಕಿಸಿಕೊಂಡ. ಎದ್ದಾಗ, "ಬಾಳ ದಿನಾ ಆಗಿತ್ತು" ಎಂದ, ಅಷ್ಟೆ. ನನ್ನ ತಮ್ಮ ಊಟದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಮೊದಮೊದಲು, "ಹೊಸಾ ಒಲಿ, ಆ ಹುಡುಗಿಗೆ ಹತ್ತಸಾಕ ಬರವಲ್ದು" ಎಂದು ಊದಲು ಅತ್ತ ಹೋಗುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅವ್ವನ ತಾಟೂ ಅತ್ತಲೇ ಹೋಗಿತ್ತು.

ನೀಲವ್ವ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, "ಇಷ್ಟು ವರ್ಷ ನನ್ನ ರೊಟ್ಟಿ ಎಲ್ಲಾರ ಗಂಟಲದಾಗ ಸಿಕ್ಕೊಂಡಿದ್ವು ಅಂತ ನನಗ ಒಬ್ಬರೂ ಹೇಳಲಿಲ್ಲಲ್ರೀ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಹೊಗೆಯಿಂದ ಬಂದದ್ದೆಂದು ತಿಳಿದವನಂತೆ ಕಿಟಕಿ ತೆರೆದೆ.

ಎಣಿಕೆ ಮುಗಿಯಿತು. ಒಟ್ಟು ಕೂಡಿಸಿದ ದಿನ ಸಾಹೇಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಈರಪ್ಪ, ಈ ಊರಲ್ಲಿ ಜನಕ್ಕಿಂತ ಒಲೆಗಳೇ ಜಾಸ್ತಿ ಇದೆಯಲ್ರೀ!" ಎಂದರು. ನಾನು ನೆಲ ನೋಡಿದೆ. ಜಮೀನು ಇದ್ದಷ್ಟೇ ಇತ್ತು, ಒಲೆಗಳು ದುಪ್ಪಟ್ಟಾಗಿದ್ದವು, ಮಾತು ಕೊಟ್ಟಾಗಿತ್ತು. ಮೂರು ಖೋಲಿ ಎರಡಾಯಿತು, ಎರಡು ಒಂದಾಯಿತು, ಹಿತ್ತಲು ಹೋಗಿ ಕೊಡ ಇಡುವಷ್ಟು ಜಾಗ ಉಳಿಯಿತು. ಹೊಗೆಯ ಬಗ್ಗೆ ಹೇಳಿದ್ದ ವ್ಯಾಪಾರಿ, "ಇದಕ್ಕ ಚಾಳ ಅಂತಾರಲ್ರಿ ಸಾಹೇಬ್ರ?" ಎಂದು ನಕ್ಕು ಹೋದರು. ಆ ದಿನ ನಾನು ನಿಜ ಹೇಳಿಬಿಡಬಹುದಾಗಿತ್ತು. ಸಾಹೇಬ್ರ, ಅರ್ಧ ಒಲಿ ಸುಳ್ಳು ಅದಾವ್ರಿ, ನನ್ನ ಮನ್ಯಾಗಿಂದ ಶುರು ಮಾಡಿ ಹೊಡದುಹಾಕ್ರಿ ಎಂದಿದ್ದರೆ ಎರಡು ಖೋಲಿಯಾದರೂ ಉಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಬಸಪ್ಪನ ಮನೆ ಹೋಗುತ್ತದೆ. ಚಾಳಿನ ಪ್ರತಿಯೊಬ್ಬನೂ ಹೀಗೆಯೇ ಯೋಚಿಸಿ ಸುಮ್ಮನಿದ್ದ, ನಮ್ಮ ಜಾಣತನವೆಲ್ಲ ಸೇರಿ ನಮ್ಮ ಮನೆಗಳನ್ನು ನಾವೇ ತಿಂದುಕೊಂಡೆವು. ಹೊಸ ನಕ್ಷೆಗೆ ಗೆರೆ ಎಳೆದವನು ನಾನು. ಕೊನೆಗೆ ನಿಂತ ಅಳತೆ ಹತ್ತು ಹನ್ನೆರಡಡಿಯ ಒಂದು ಖೋಲಿ, ಹಿಂದೆ ಒಂದು ಅಡುಗೆಮನೆ. ಮಾಡಿದ್ದುಣ್ಣೋ ಮಹಾರಾಯ ಎಂದು ಸ್ಕೇಲು ಕೆಳಗಿಟ್ಟೆ.

ಅಂದು ಸಂಜೆ ಮನೆಗೆ ಬಂದು, ಹೋದದ್ದು ಹೋಯಿತು, ಇದ್ದ ಮನೆಯನ್ನಾದರೂ ಮೊದಲಿನ ಹಾಗೆ ಮಾಡಿಕೊಳ್ಳೋಣವೆಂದು, "ಎಣಿಕಿ ಮುಗೀತು. ಇನ್ನ ಆ ಎರಡನೇ ಒಲಿ ಆರಸ್ರಿ" ಎಂದೆ. ಯಾರೂ ಏಳಲಿಲ್ಲ. ನೀಲವ್ವ ನನ್ನ ಕಡೆ ನೋಡದೆ, "ಎರಡನೇದು ಯಾವದ್ರಿ?" ಎಂದಳು. ಬಸಪ್ಪ ಕಾಲಿನ ಉಗುರು ನೋಡಿಕೊಳ್ಳುತ್ತ ಕುಳಿತ. ನನ್ನೆದುರು ಎಂದೂ ಮಾತಾಡದ ಶಾಂತವ್ವ ಪರದೆಯ ಹಿಂದಿನಿಂದ ಅವ್ವನಿಗೆ ಹೇಳಿದಳು, "ಅತ್ತೀ, ಆರಸು ಅಂದ್ರ ಆರಸ್ತೇನಿ. ಆದ್ರ ಈ ಮನ್ಯಾಗ ನನ್ನದು ಅನ್ನೂದು ಅದೊಂದ ಐತಿ." ಅದಕ್ಕೆ ನೀಲವ್ವ, "ನಂದ ಆರಸ್ರಿ. ಹೆಂಗೂ ಅದರಾಗ ಮಾಡಿದ್ದು ಯಾರಿಗೂ ಬ್ಯಾಡಾಗೇತಿ" ಎಂದಳು. ಎಲ್ಲರೂ ಅವ್ವನ ಮುಖ ನೋಡಿದೆವು. ಅವ್ವ ಚರಿಗೆಯಲ್ಲಿ ನೀರು ತಗೊಂಡು ಎದ್ದಳು. ಪರದೆ ಸರಿಸಿ ಆ ಒಲೆ ನೋಡಿದಳು, ತಿರುಗಿ ಈ ಒಲೆ ನೋಡಿದಳು. ಎರಡೂ ಚೆನ್ನಾಗಿಯೇ ಉರಿಯುತ್ತಿದ್ದವು. ಆ ನೀರನ್ನು ತಾನೇ ಗಟಗಟ ಕುಡಿದು ಚರಿಗೆ ಕೆಳಗಿಟ್ಟಳು. 'ನಾ ಮೊದಲ ಹೇಳಿದ್ದೆ' ಎಂದು ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಬಸಪ್ಪನಿಗೆ ಮನೆ ಬಂತು. "ಅಣ್ಣಾ, ಎಲ್ಲಾರೂ ಹೋಗೂಣು ನಡಿ. ಇಲ್ಲೆ ಹಿಡದಷ್ಟು ಮಂದಿ ಅಲ್ಲೆ ಹಿಡಿಯೂದಿಲ್ಲೇನು?" ಎಂದ. ಮನಸ್ಸಿನಿಂದಲೇ ಅಂದ ಮಾತು, ನನ್ನ ತಮ್ಮ ಸುಳ್ಳಾಡುವವನಲ್ಲ. ಆದರೆ ಅಲ್ಲಿಯ ಕರಾರುಪತ್ರದಲ್ಲಿ ಒಂದು ಮನೆಗೆ ಒಂದೇ ಒಲೆ, ಎರಡು ಕಂಡರೆ ಮನೆ ವಾಪಸು ಎಂದಿತ್ತು. ಅದನ್ನು ದುಂಡಗೆ ಬರೆದವನೂ ನಾನೇ. ಇಬ್ಬರಲ್ಲಿ ಯಾರಿಗೆ ಒಲೆ ಬಿಟ್ಟು ಬಾ ಎನ್ನಲಿ? ಶಾಂತವ್ವನಿಗೆ ಆಗ ಐದು ತಿಂಗಳು. ತವರಿನಲ್ಲಿ ತಾಯಿಯಿಲ್ಲ. ಅವ್ವ ತನ್ನ ಎರಡು ಸೀರೆ, ವಿಭೂತಿ ಗಟ್ಟಿ, ಲಿಂಗಪೂಜೆಯ ಬಟ್ಟಲು ಗಂಟು ಕಟ್ಟಿಕೊಂಡು, "ಬಾಣಂತನ ಮುಗಿಸ್ಕೊಂಡು ಬರ್ತೇನಿ" ಎಂದು ಹೋದಳು. ಬಾಣಂತನ ಮುಗಿಯಿತು. ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಹಲ್ಲು ಬಂದವು. ಅವ್ವ ಬರಲಿಲ್ಲ. ಕರೆಯಲು ಹೋದಾಗಲೆಲ್ಲ, "ಕೂಸಿಗೆ ಥಂಡಿ ಆಗೇತಿ", "ಕೂಸು ನನ್ನ ಬಿಟ್ಟು ಮಲಗೂದಿಲ್ಲ" ಎಂದು ಏನಾದರೂ ಇರುತ್ತಿತ್ತು. ಎಲ್ಲವೂ ನಿಜವಾದ ಕಾರಣಗಳೇ, ಅದೇ ಕಷ್ಟ.

ಈಗ ಚಾಳಿನ ಖೋಲಿಯಲ್ಲಿ ನಾವು ನಾಲ್ಕೇ ಜನ. ಎಷ್ಟು ಬೇಕಾದರೂ ಹೊರಳಾಡಬಹುದು. ಪರದೆ ತೆಗೆದಾಯಿತು, ಕೆಮ್ಮು ತಾನಾಗಿ ವಾಸಿಯಾಯಿತು. ಸಾಹೇಬರು ಒಂದು ದಿನ ಬಂದು ನೋಡಿ, "ಮೊದಲು ಏಳು ಜನ, ಈಗ ನಾಲ್ಕು. ನೋಡ್ರೀ, ನಮ್ಮ ಯೋಜನೆ ನಿಮ್ಮ ಮನೆಯಲ್ಲೇ ಎಷ್ಟು ಚೆನ್ನಾಗಿ ಫಲ ಕೊಟ್ಟಿದೆ!" ಎಂದು ಬಾಯಿತುಂಬ ಸಂತೋಷಪಟ್ಟರು. ಊರಿನಲ್ಲಿ ಅವರಿಗೆ ಸಂತೋಷ ಕೊಟ್ಟ ಮನೆ ಅದೊಂದೇ ಇರಬೇಕು, ನಾನು ಹೌದೆಂದೆ. ನೀಲವ್ವ ಈಗ ವಾರಕ್ಕೆ ಎರಡು ದಿನ ಕೆಂಪಕ್ಕಿಯ ಅನ್ನ ಮಾಡುತ್ತಾಳೆ. ಮುದ್ದೆಯಾಗುತ್ತದೆ. ಯಾರಿಗಾಗಿ ಮಾಡುತ್ತಿದ್ದಾಳೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಇಬ್ಬರೂ ಸುಮ್ಮನೆ ಉಣ್ಣುತ್ತೇವೆ.

ಮೊನ್ನೆ ಸಮಿತಿಯಿಂದ ಹುಕುಮು ಬಂತು. ಬಡಾವಣೆಯಲ್ಲಿ ಕೆಲವರು ಮನೆ ಪಡೆದು ಬೇರೆಯವರನ್ನು ಇಟ್ಟಿದ್ದಾರೆಂದು ಸುದ್ದಿ. ಮನೆಮನೆಗೆ ಹೋಗಿ ಆ ಹೊತ್ತಿಗೆ ಒಳಗೆ ಯಾರ್ಯಾರಿದ್ದಾರೋ ಎಲ್ಲರ ಹೆಸರನ್ನೂ ಬರೆದುಕೊಂಡು ಬರಬೇಕು, ಒಬ್ಬರನ್ನೂ ಬಿಡಬಾರದು. ಪುಸ್ತಕದಲ್ಲಿ ಎರಡು ಕಾಲಂ: ಕಾಯಂ ಇರುವವರು, ಬಂದು ಹೋಗುವವರು; ಪ್ರತಿ ಹೆಸರಿನ ಮುಂದೆ ಸಂಬಂಧ. ಬಸಪ್ಪನ ಮನೆಗೆ ಹೋದಾಗ ಮಧ್ಯಾಹ್ನವಾಗಿತ್ತು. ಅವನು ಪಾಳಿಗೆ ಹೋಗಿದ್ದ. ಶಾಂತವ್ವ ಒಳಗಿದ್ದಳು, ಅವ್ವ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮುಖವೆಲ್ಲ ಅರಳಿತು. "ಯಾವಾಗ ಬಂದ್ಯೋ ಯಪ್ಪಾ? ನೀಲವ್ವ, ಹುಡುಗರು ಆರಾಮ ಅದಾರ? ಕೈಕಾಲ ತೊಕ್ಕೊ, ಊಟದ ಹೊತ್ತಾಗೇತಿ, ಉಂಡ ಹೋಗು" ಎಂದಳು. ನಲವತ್ತು ವರ್ಷ ನನ್ನವ್ವ ನನಗೆ 'ಉಣ್ಣು ಬಾ' ಎಂದಿದ್ದಾಳೆ, 'ಉಣ್ಣದ ಎಲ್ಲಿ ಸುಟ್ಟುಕೊಂಡು ಹೋಗಿದ್ದಿ' ಎಂದಿದ್ದಾಳೆ. ಉಂಡು ಹೋಗು ಎಂದದ್ದು ಅದೇ ಮೊದಲು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಅನ್ನ ಬಡಿಸಿದಳು, ಸಾರು ಬಡಿಸಿದಳು, ಮಣೆಯ ಪಕ್ಕ ಕುಳಿತು ಗಾಳಿ ಬೀಸುತ್ತ, "ನಾಚಕೋಬ್ಯಾಡ, ಹಾಕ್ಕೋ" ಎಂದಳು.

ಉಂಡು ಕೈ ತೊಳೆದು ಪುಸ್ತಕ ತೆರೆದೆ. ಕಾಯಂ ಇರುವವರಲ್ಲಿ ಬಸಪ್ಪನನ್ನು ಬರೆದೆ, ಶಾಂತವ್ವನನ್ನು ಬರೆದೆ, ಕೂಸನ್ನು ಬರೆದೆ. ಅವ್ವ ಬಗ್ಗಿ ನೋಡುತ್ತ, "ನನ್ನ ಹೆಸರು ಎಲ್ಲೆ ಬರೀತಿ?" ಎಂದಳು. "ಎಲ್ಲೆ ಬರೀಲಿ ಅವ್ವಾ?" ಎಂದೆ. ಅವ್ವ ಮೊರದಿಂದ ಒಂದು ಕಲ್ಲು ತೆಗೆದು ಹೊರಗೆ ಎಸೆದಳು. ನಾನು ಬಸಪ್ಪನ ಹೆಸರಿನ ಕೆಳಗೇ ಬರೆದೆ. ಆಮೇಲೆ, ಒಬ್ಬರನ್ನೂ ಬಿಡಬಾರದೆಂದು ಹುಕುಮು ಇದ್ದದ್ದರಿಂದ, ಎರಡನೆಯ ಕಾಲಮಿನಲ್ಲಿ ಈರಪ್ಪ ಎಂದು ಬರೆದು, ಸಂಬಂಧ ಎಂಬಲ್ಲಿ 'ಮಗ' ಎಂದು ತುಂಬಿದೆ.

ಮರುದಿನ ಸಾಹೇಬರು ಪುಸ್ತಕ ನೋಡುತ್ತ ನೋಡುತ್ತ ಆ ಹಾಳೆಗೆ ಬಂದು ನಿಂತರು. ಕೆಂಪು ಪೆನ್ಸಿಲ್ಲಿನಿಂದ ಒಂದು ಗುಂಡು ಸುತ್ತಿ, "ಇದೇನ್ರೀ ಈರಪ್ಪ, ಇಲ್ಲಿ ತಪ್ಪಾಗಿದೆಯಲ್ಲ? ಮಗ ಅಂದಮೇಲೆ ಬಂದು ಹೋಗೋರ ಕಡೆ ಹೇಗೆ ಬರ್ತಾನೆ?" ಎಂದರು.

ನಾನು ಹತ್ತಿರ ಹೋಗಿ, ಬಗ್ಗಿ, ಓದಿ ನೋಡಿದೆ.

"ಇಲ್ಲರಿ ಸಾಹೇಬ್ರ" ಎಂದೆ, "ಬರೋಬರಿ ಐತ್ರಿ."